ದುಂಡು ಪಾದದ ಅಕ್ಷರಗಳು

ಧಾರವಾಡದ ಹತ್ತಿರದ ಮುಗದದಿಂದ ಬಂದ ಹೆಂಗಸು ನನ್ನ ಮೇಜಿನ ಮೇಲೆ ಒಂದು ಹಳೆಯ ತಗಡಿನ ಡಬ್ಬಿ ಇಟ್ಟು, "ಇಂಥಾ ಅಕ್ಷರ ಬೇಕ್ರಿ ನಮಗ. ಆದ್ರ ಕನ್ನಡದಾಗ," ಎಂದರು.

ನಾನು ಹುಬ್ಬಳ್ಳಿಯಲ್ಲಿ ಅಕ್ಷರಗಳ ಕೆಲಸ ಮಾಡುವವಳು. ಅಂಗಡಿಯ ಬೋರ್ಡು, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಸೀರೆ ಅಂಗಡಿಯ ಚೀಲ, ಮದುವೆ ಕಾರ್ಡು, ಏನೇ ಇರಲಿ, ಅದರ ಮೇಲಿನ ಬರಹ ಹೇಗೆ ಕಾಣಬೇಕೆಂದು ಕೂತು ತಿದ್ದುವುದು ನನ್ನ ಉದ್ಯೋಗ. ಮನೆಯ ಮುಂದಿನ ಕೋಣೆಯೇ ಆಫೀಸು. ಗಂಡ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಅವರು ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾನು, ಕಂಪ್ಯೂಟರು ಮತ್ತು ಆರಿ ಹೋಗುವ ಚಹಾ. ಮೊದಲಿನಿಂದಲೂ ನನ್ನದು ಕೂತಲ್ಲಿ ಕೂರದ ಜೀವ. ಒಂದು ಅಕ್ಷರದ ಹೊಟ್ಟೆ ಸರಿಹೋಗದಿದ್ದರೆ ಎದ್ದು ಅಂಗಳಕ್ಕೆ ಹೋಗುತ್ತೇನೆ, ತುಳಸಿ ಗಿಡದ ಒಣ ಎಲೆ ಕೀಳುತ್ತೇನೆ, ಬಂದು ಕೂರುತ್ತೇನೆ, ಮತ್ತೆ ಏಳುತ್ತೇನೆ.

ಡಬ್ಬಿ ಆ ಹೆಂಗಸಿನ ಅತ್ತೆಯದಂತೆ, ಯಾವುದೋ ಕಾಲದ ಬಿಸ್ಕತ್ತಿನದು. ಅಂಚಿಗೆ ತುಕ್ಕು ಹಿಡಿದಿತ್ತು, ಚಿತ್ರವೆಲ್ಲ ಅಳಿಸಿಹೋಗಿತ್ತು. ಆದರೆ ಇಂಗ್ಲಿಷ್ ಅಕ್ಷರಗಳು ಮಾತ್ರ ಎದ್ದು ಕಾಣುತ್ತಿದ್ದವು. ಪ್ರತಿ ಅಕ್ಷರದ ಕಾಲ ಕೆಳಗೂ ಮಣೆಯಂಥ ದಪ್ಪ ಪಾದ. ನಮ್ಮ ಕಸುಬಿನಲ್ಲಿ ಇದಕ್ಕೆ ಸ್ಲ್ಯಾಬ್ ಸೆರಿಫ್ ಎನ್ನುತ್ತೇವೆ. ಸಾಮಾನ್ಯವಾಗಿ ಆ ಪಾದಗಳು ಇಟ್ಟಿಗೆಯ ಹಾಗೆ ಚೌಕವಾಗಿರುತ್ತವೆ. ಈ ಡಬ್ಬಿಯ ಮೇಲಿನವು ಹಾಗಲ್ಲ. ಮೂಲೆಗಳನ್ನೆಲ್ಲ ಉಜ್ಜಿ ದುಂಡು ಮಾಡಿದಂತಿದ್ದವು, ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಸವೆದ ಸೋಪಿನ ಹಾಗೆ. ಹಳೆಯ ರೇಡಿಯೋದ ಮುಖದ ಮೇಲೆ, ಬನಿಯನ್ನಿನ ರಟ್ಟಿನ ಪೆಟ್ಟಿಗೆಯ ಮೇಲೆ, ಟೈಪ್‌ರೈಟರಿನ ಕಾಗದದ ಮೇಲೆ ಇವುಗಳ ದಾಯಾದಿಗಳನ್ನು ನೋಡುತ್ತಲೇ ನಾನು ಬೆಳೆದವಳು.

"ಇವ ಯಾಕ್ ಬೇಕ್ರಿ ನಿಮಗ?" ಎಂದು ಕೇಳಿದೆ.

ಅವರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. "ಗಟ್ಟಿ ನಿಂತಾವ್ ನೋಡ್ರಿ. ಆದ್ರ ಮಾರಿ ಮ್ಯಾಲ ಸಿಟ್ಟಿಲ್ಲ."

ಈ ಜಾತಿಯ ಅಕ್ಷರದ ಗುಣವನ್ನು ಅಷ್ಟು ಚಿಕ್ಕದಾಗಿ ನಾನು ಯಾರಿಗೂ ಹೇಳಿರಲಿಲ್ಲ. ಅವರೂ ಅವರ ನೆಗೆಣ್ಣಿಯೂ ಸೇರಿ ಅಕ್ಕಿ ಹಪ್ಪಳ, ಶಂಡಿಗಿ ಮಾಡಿ ಧಾರವಾಡದ ಅಂಗಡಿಗಳಿಗೆ ಕೊಡುತ್ತಿದ್ದರು. ಅಲ್ಲಿಯವರೆಗೆ ಬರೀ ಪ್ಲಾಸ್ಟಿಕ್ ಚೀಲದಲ್ಲಿ ಹೋಗುತ್ತಿದ್ದ ಮಾಲಿಗೆ ಈಗ ಒಂದು ಲೇಬಲ್ಲು ಬೇಕಾಗಿತ್ತು. 'ಸಂಡಿಗೆ' ಎಂದು ಬರೆಯಲೇ ಎಂದರೆ ಅವರು ಒಪ್ಪಲಿಲ್ಲ. "ನಾವು ಮಾಡೂದು ಶಂಡಿಗಿರಿ. ಸಂಡಿಗೆ ಬ್ಯಾರೇದವರು ಮಾಡ್ತಾರ."

ಕೆಲಸ ಶುರು ಮಾಡಿದೆ, ತೊಡಕೂ ಶುರುವಾಯಿತು. ಇಂಗ್ಲಿಷ್ ಅಕ್ಷರಕ್ಕೆ ನೇರವಾದ ಕಾಲುಗಳಿವೆ, ಪಾದ ಹಚ್ಚಬಹುದು. ಕನ್ನಡದ ಅಕ್ಷರಕ್ಕೆ ಕಾಲೆಲ್ಲಿದೆ? ಅದು ತಳದಲ್ಲಿ ಬಟ್ಟಲಿನ ಹಾಗೆ ಬಾಗುತ್ತದೆ. ಮೊದಲು ಬಟ್ಟಲಿನ ಕೆಳಗೇ ದುಂಡು ಪಾದಗಳನ್ನಿಟ್ಟು ನೋಡಿದೆ. ಅದನ್ನು ಊರಾಚೆಯ ತಾರಿಹಾಳದಲ್ಲಿರುವ ನನ್ನ ಗೆಳತಿಗೆ ಫೋನಿನಲ್ಲಿ ಕಳಿಸಿದೆ. ಆಕೆ ತನ್ನ ಅಣ್ಣನ ಜೊತೆ ಅಲ್ಲೊಂದು ವರ್ಕ್‌ಶಾಪ್ ನಡೆಸುತ್ತಾಳೆ. ಬೋರ್ಡುಗಳಿಗೆ ಬೇಕಾಗುವ ಅಕ್ಷರಗಳನ್ನು ಪ್ಲೈವುಡ್ಡು, ಅಕ್ರಿಲಿಕ್ಕು, ಫೋಮ್ ಹಾಳೆಗಳಲ್ಲಿ ಮಶೀನಿನಿಂದ ಕತ್ತರಿಸಿ ಕೊಡುವುದು ಅವರ ದಂಧೆ. ನಾನು ಬರೆದದ್ದನ್ನು ಆಕೆ ಕತ್ತರಿಸುತ್ತಾಳೆ. ಹೀಗೆ ಬಹಳ ವರ್ಷಗಳ ಒಡನಾಟ. ಕೂಡಲೇ ಫೋನು ಮಾಡಿದಳು.

"ಏನವ್ವಾ ಇದು? ಹಾವಿಗೆ ಚಪ್ಪಲ್ ಹಾಕಿದಂಗ ಐತಿ!"

ನಕ್ಕೆ, ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಆಮೇಲೆ ಪಾದವನ್ನು ಕಿತ್ತು ತಲೆಗೆ ಇಟ್ಟೆ. ಕನ್ನಡ ಅಕ್ಷರಕ್ಕೆ ತಲೆಕಟ್ಟಿದೆಯಲ್ಲ, ಅದನ್ನೇ ದಪ್ಪ ಮಾಡಿ, ಎರಡೂ ತುದಿ ದುಂಡು ಮಾಡಿದೆ. ತಲೆಕಟ್ಟಿಲ್ಲದ ಬ, ಜ, ಣ, ಲ ಇಂಥವಕ್ಕೆ ಎಳೆ ಮುಗಿಯುವ ಕಡೆ ಗುಂಡಿಯಂಥದೊಂದು ದುಂಡು ಕೊಟ್ಟೆ. ಈಗ ಅಕ್ಷರಗಳು ತಲೆಯ ಮೇಲೆ ಬುಟ್ಟಿ ಹೊತ್ತು ಸಂತೆಗೆ ಹೊರಟ ಹೆಂಗಸರ ಹಾಗೆ ಕಂಡವು. ಸರಿಯಾದ ದಾರಿ ಹಿಡಿದೆ ಅನ್ನಿಸಿತು. ಹಾಗೆಂದೇ ಹೇಳಿ ಅದರ ಫೈಲನ್ನೂ ಗೆಳತಿಗೆ ಕಳಿಸಿದೆ. ಒಂದೊಂದೇ ಅಕ್ಷರ ಬರೆಯುತ್ತಾ ಅರ್ಧ ವರ್ಣಮಾಲೆಯ ತನಕ ಬಂದಿದ್ದೆ.

ಆಗ ಆ ಬೆಳಗು ಬಂತು.

ಎದ್ದಾಗ ತಲೆ ಭಾರವಾಗಿತ್ತು. ಬಾಗಿಲು ತೆರೆದು ಪತ್ರಿಕೆ ಎತ್ತಿಕೊಂಡೆ. ನೋಡಿದರೆ ತೆಲುಗು. ಹಂಚುವವ ತಪ್ಪಿ ತೆಲುಗು ಪತ್ರಿಕೆ ಹಾಕಿದ್ದಾನೆ ಎಂದುಕೊಂಡು ಅದನ್ನು ಕಟ್ಟೆಯ ಮೇಲೆ ಇಟ್ಟೆ. ಒಳಗೆ ಬರುವಾಗ ಬಲ ಭುಜ ಬಾಗಿಲ ಚೌಕಟ್ಟಿಗೆ ಜೋರಾಗಿ ಬಡಿಯಿತು. ಚಹಾ ಪುಡಿಯ ಡಬ್ಬಿಯ ಮೇಲೂ ತೆಲುಗಿನಂಥದೇ ಬರಹ. ಅದು ನಾನೇ ಅಂಟಿಸಿದ ಚೀಟಿ. ಕೋಣೆಗೆ ಹೋಗಿ ಕಂಪ್ಯೂಟರು ಹಚ್ಚಿದೆ. ಹಿಂದಿನ ದಿನ ನಾನೇ ಬರೆದು ಮುಗಿಸಿದ್ದ ಅಕ್ಷರಗಳು ತೆರೆಯ ಮೇಲೆ ಸಾಲಾಗಿ ನಿಂತಿದ್ದವು. ದುಂಡು ತುದಿ ಕಂಡವು, ದಪ್ಪ ತಲೆಕಟ್ಟು ಕಂಡಿತು. ಯಾವುದು ಯಾವ ಅಕ್ಷರ ಎಂಬುದು ಮಾತ್ರ ಗೊತ್ತಾಗಲಿಲ್ಲ. ಒಂದೂ ಗೊತ್ತಾಗಲಿಲ್ಲ.

"ಇಲ್ಲಿ ಬರ್ರಿ, ಲಗೂ," ಎಂದು ಗಂಡನನ್ನು ಕರೆದೆ.

ಅವರು ಅರ್ಧ ಗಡ್ಡ ಬೋಳಿಸಿಕೊಂಡು ಓಡಿ ಬಂದರು. "ಏನಾತು?"

"ನನಗ ಓದಾಕ ಬರವಲ್ದು."

"ಅಂದ್ರ? ಕಣ್ಣ ಕಾಣವಲ್ವೇನು?"

"ಕಾಣ್ತಾವ. ನೀವು ಕಾಣ್ತೀರಿ, ನಿಮ್ಮ ಗಡ್ಡದ ಮ್ಯಾಲಿನ ನೊರಿ ಕಾಣ್ತೈತಿ. ಅಕ್ಷರ ಅಕ್ಷರ ಆಗವಲ್ವು."

ಮುಖ ಒರೆಸಿಕೊಂಡು ಪಕ್ಕದ ಮನೆಯವರ ಕಾರಿನಲ್ಲಿ ನನ್ನನ್ನು ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ತಲೆಯ ಚಿತ್ರ ತೆಗೆದರು. ಮಿದುಳಿನ ಹಿಂಬದಿಯಲ್ಲಿ, ಎಡಕ್ಕೆ, ರಕ್ತನಾಳವೊಂದು ಕಟ್ಟಿಕೊಂಡಿತ್ತು. ಕೈಕಾಲಿಗೆ ಏನೂ ಆಗಿರಲಿಲ್ಲ, ಮಾತು ನೆಟ್ಟಗಿತ್ತು. ನೋಟದ ಬಲಭಾಗ ಹೋಗಿತ್ತು, ಓದು ಹೋಗಿತ್ತು.

ಡಾಕ್ಟರು ಒಂದು ಹಾಳೆ, ಪೆನ್ನು ಕೊಟ್ಟು, "ಏನಾರ ಒಂದು ವಾಕ್ಯ ಬರೀರಿ," ಎಂದರು. ಬರೆದೆ. ಕೈ ತಡವರಿಸಲಿಲ್ಲ. ಅವರು ಹಾಳೆಯನ್ನು ಒಂದು ಗಳಿಗೆ ಮಡಿಸಿ ಇಟ್ಟುಕೊಂಡು, ಮತ್ತೆ ನನ್ನ ಮುಂದೆ ಹಿಡಿದರು. "ಈಗ ಓದ್ರಿ."

ಅದು ನನ್ನ ಕೈಬರಹ ಎಂದು ಗೊತ್ತಿತ್ತು. ಏನಿದೆಯೆಂದು ಗೊತ್ತಿರಲಿಲ್ಲ. ಗಂಡನ ಕಡೆ ನೋಡಿದೆ. ಅವರೇ ಓದಿದರು: "ನಾನು ಅಕ್ಷರ ಬರೆಯುವವಳು." ಓದಿ ಮುಗಿಸಿ ಕಿಟಕಿಯ ಕಡೆ ತಿರುಗಿ ನಿಂತರು.

ಬರೆಯುವುದು ಬೇರೆ ಕಡೆ ಇರುತ್ತದಂತೆ, ಓದುವುದು ಬೇರೆ ಕಡೆ. ನನ್ನಲ್ಲಿ ಒಂದು ಕೋಣೆಯ ದೀಪ ಹೋಗಿತ್ತು, ಇನ್ನೊಂದರದು ಉರಿಯುತ್ತಿತ್ತು. ಹಿಂದಕ್ಕೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು, "ಸ್ವಲ್ಪ ಬರಬಹುದು. ಎಷ್ಟು ಅಂತ ಹೇಳಾಕ ಆಗೂದಿಲ್ಲ," ಎಂದರು. ಸುಳ್ಳು ಹೇಳಲಿಲ್ಲವೆಂದು ಆಮೇಲೆ ಕೃತಜ್ಞತೆ ಅನ್ನಿಸಿತು. ಆಗ ಮಾತ್ರ ಅವರ ಮೇಲೆ ಸಿಟ್ಟೇ ಬಂದಿತ್ತು.

ಮನೆಗೆ ಬಂದ ಮೇಲಿನ ದಿನಗಳನ್ನು ಹೇಗೆ ಹೇಳಲಿ? ವಿಶ್ರಾಂತಿ ತೆಗೆದುಕೊಳ್ಳಿ ಎಂದಿದ್ದರು. ನನಗೆ ಅದೊಂದೇ ಬಾರದ ವಿದ್ಯೆ. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಮುಂದಿನ ಕೋಣೆಗೆ, ಅಲ್ಲಿಂದ ಮತ್ತೆ ಅಡುಗೆಮನೆಗೆ. ಬಲಕ್ಕಿದ್ದದ್ದೆಲ್ಲ ಬಡಿದು ಬೀಳುತ್ತಿತ್ತು. ಲೋಟ, ಮಣೆ, ಹಾಲಿನ ಪಾತ್ರೆ. ಟೀವಿ ಹಚ್ಚಿದರೆ ಕೆಳಗೆ ಓಡುವ ಬರಹ ಇರುವೆ ಸಾಲಿನಂತೆ ಹರಿದು ನನ್ನನ್ನು ಅಣಕಿಸುತ್ತಿತ್ತು. ಔಷಧಿಯ ಪಟ್ಟಿಯ ಮೇಲೆ ಬರಹ, ಹಾಲಿನ ಪಾಕೀಟಿನ ಮೇಲೆ ಬರಹ, ಗ್ಯಾಸ್ ಸಿಲಿಂಡರಿನ ಮೇಲೆ ಬರಹ. ಮನೆಯಲ್ಲಿ ಇಷ್ಟೊಂದು ಅಕ್ಷರಗಳಿವೆ ಎಂದು ಓದು ಬಲ್ಲವಳಾಗಿದ್ದಾಗ ನನಗೆ ಗೊತ್ತೇ ಇರಲಿಲ್ಲ.

ಗಂಡನಿಗೂ ನನಗೂ ಜಗಳವಾದದ್ದು ಶಂಡಿಗಿಯ ಲೇಬಲ್ಲಿನ ಬಗ್ಗೆ.

"ಮುಗದದವ್ರಿಗೆ ಫೋನ್ ಮಾಡಿ ಬ್ಯಾರೇ ಕಡೆ ಮಾಡಸ್ರಿ ಅಂತ ಹೇಳ್ತೀನಿ," ಎಂದರು ಅವರು.

"ಯಾಕ?"

"ಯಾಕ ಅಂದ್ರ? ಓದಾಕ ಬರಲಾರದ ನೀ ಹ್ಯಾಂಗ ಮಾಡ್ತಿ?"

"ಬರಿಯಾಕ ಬರ್ತೈತಲ್ಲ!"

ನಾನು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಅವರು ಸುಮ್ಮನೆ ಫೋನು ಹಚ್ಚಿ ನನ್ನ ಕೈಗೇ ಕೊಟ್ಟರು. ಮುಗದದ ಹೆಂಗಸಿಗೆ ಎಲ್ಲ ಹೇಳಿದೆ. "ಶಂಡಿಗಿ ಒಣಗ್ಸೂದು ಬ್ಯಾಸಗ್ಯಾಗ್ರಿ ಅಕ್ಕಾರ. ಅಲ್ಲೀತನಕಾ ವ್ಯಾಳ್ಯಾ ಐತಿ. ನೀವ ಮಾಡ್ರಿ. ಆಗಲಿಲ್ಲಂದ್ರ ಹೋದ ವರ್ಷದಂಗ ಬರೇ ಚೀಲದಾಗ ಹಾಕ್ತೇವಿ, ರುಚಿಯೇನ್ ಕೆಡೂದಿಲ್ಲ," ಎಂದರು.

ಮರುದಿನ ಗಂಡ ಶಾಲೆಗೆ ಹೋದ ಮೇಲೆ, ಯಾರಿಗೂ ಹೇಳದೆ, ತಾರಿಹಾಳದ ಗೆಳತಿಯ ಹತ್ತಿರ ಹೋಗಲೆಂದು ಹೊರಟೆ. ಹತ್ತಾರು ಸಲ ಹೋದ ದಾರಿ. ನಿಲ್ದಾಣದಲ್ಲಿ ಬಸ್ಸಿನ ಹಣೆಯ ಬರಹ ಓದಲಾಗಲಿಲ್ಲ, ಕೇಳಲು ಮನಸ್ಸಾಗಲಿಲ್ಲ. ಬಣ್ಣ ನೋಡಿ ಅಂದಾಜಿನ ಮೇಲೆ ಹತ್ತಿದೆ. ಉಣಕಲ್ ಕೆರೆಯ ನೀರು ಹೊಳೆದಾಗ ಗೊತ್ತಾಯಿತು, ಇದು ತಾರಿಹಾಳದ್ದಲ್ಲ, ಧಾರವಾಡದ ಬಸ್ಸು.

ಕಂಡಕ್ಟರ್ ಹೆಂಗಸು ನನ್ನ ಗಾಬರಿ ನೋಡಿ, "ಬೋರ್ಡ್ ಹಾಕೇತಲ್ರಿ ಮುಂದ, ಓದಿ ಹತ್ತೂದಿಲ್ಲೇನು?" ಎಂದಳು. ಒರಟಾಗಿಯೇನೂ ಹೇಳಲಿಲ್ಲ. ನಾನು "ಓದಾಕ ಬರೂದಿಲ್ರಿ" ಎಂದೆ. ಜೀವನದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಹೊರಗಿನವರೆದುರು ಬಂತು. ಅವಳು ನನ್ನ ಇಸ್ತ್ರಿ ಮಾಡಿದ ಸೀರೆ, ಹೆಗಲ ಚೀಲ, ಕನ್ನಡಕ ನೋಡಿ, ನಂಬಬೇಕೋ ಬೇಡವೋ ತಿಳಿಯದೆ, ಮುಂದಿನ ನಿಲ್ದಾಣದಲ್ಲಿ ಕೈಹಿಡಿದು ಇಳಿಸಿದಳು.

ರಸ್ತೆಯ ಬದಿ ಒಂದು ಬೇವಿನ ಮರದ ಕೆಳಗೆ ನಿಂತು ಎದುರಿನ ಅಂಗಡಿ ಸಾಲು ನೋಡಿದೆ. ಅವುಗಳಲ್ಲಿ ಒಂದೆರಡು ಬೋರ್ಡು ನಾನೇ ಮಾಡಿದ್ದಿರಬೇಕು. ಯಾವುದರಲ್ಲೂ ಒಂದು ಶಬ್ದ ಕೈಗೆ ಸಿಗಲಿಲ್ಲ. ಆದರೆ ಬೇರೆ ಒಂದು ಕಾಣತೊಡಗಿತು. ಚೂಪು ಮೂಲೆಯ, ಮುಂದಕ್ಕೆ ವಾಲಿದ ಆ ಅಕ್ಷರಗಳು ಮೊಬೈಲ್ ಅಂಗಡಿಯವು, ಎಲ್ಲಿಗೋ ಓಡುತ್ತಿರುವಂಥವು. ಬಳ್ಳಿಯ ಹಾಗೆ ಬಾಲ ಸುತ್ತಿಕೊಂಡವು ಬ್ಯೂಟಿ ಪಾರ್ಲರಿನವು. ತೆಳ್ಳಗೆ, ತಣ್ಣಗೆ, ಯಾರನ್ನೂ ಮುಟ್ಟಿಸಿಕೊಳ್ಳದಂತೆ ನಿಂತವು ಯಾವುದೋ ಲ್ಯಾಬಿನವು. ಬ್ಯಾಂಕಿನವು ಕೈಕಟ್ಟಿ ನಿಂತಿದ್ದವು. ಇವೆಲ್ಲದರ ನಡುವೆ ಒಂದು ಸಣ್ಣ ಚಹಾ ಅಂಗಡಿಯ ಮೇಲೆ ದಪ್ಪ, ದುಂಡು ಪಾದದ ಇಂಗ್ಲಿಷ್ ಅಕ್ಷರಗಳು. ಡಬ್ಬಿಯ ಮೇಲಿನವುಗಳ ಕುಲದವೇ. ಈಚೆಗೆ ಚಹಾ, ಬೆಲ್ಲ, ಗಾಣದ ಎಣ್ಣೆ ಮಾರುವವರೆಲ್ಲ ಹಳೆಯ ಕಾಲದ ನೆನಪು ತರಬೇಕೆಂದು ಅವನ್ನೇ ಹುಡುಕುತ್ತಾರೆ. ಅಲ್ಲಿ ಏನು ಬರೆದಿತ್ತೋ ಕಾಣೆ. ಆದರೆ ಆ ಅಂಗಡಿಯವನನ್ನೇ ಹೋಗಿ ಕೇಳಬಹುದು, ಅವನು ನಗುವುದಿಲ್ಲ ಅನ್ನಿಸಿತು. ಅಕ್ಷರ ಬಾರದ ನನ್ನ ಅಜ್ಜಿ ಪೇಟೆಯಲ್ಲಿ ತಪ್ಪದೆ ಓಡಾಡುತ್ತಿದ್ದದ್ದು ಹೀಗೆಯೇ ಇರಬೇಕು.

ಹೋಗಿ ಕೂತೆ. ಫೋನಿನಲ್ಲಿ ಹೆಸರು ಓದಲಾಗದಿದ್ದರೂ ಗೆಳತಿಯ ಫೋಟೋ ಇತ್ತು. ಅದನ್ನು ಒತ್ತಿದೆ. ಅವಳು ಸ್ಕೂಟರಿನಲ್ಲಿ ಬಂದು, ಬುರ್ಖಾದ ಮೇಲೆಲ್ಲ ಮರದ ಪುಡಿ ಹಾಗೆಯೇ ಇದ್ದಂತೆ, ನನ್ನೆದುರು ನಿಂತು ಬೈದಳು.

"ಹುಚ್ಚಿ ಅದೀ ಏನ್ ನೀ? ಒಬ್ಬಾಕೀನ ಹೊಂಟಿ. ಒಂದ್ ಫೋನ್ ಮಾಡಿದ್ರ ನಾನ ಬರ್ತಿದ್ನಿಲ್ಲ?"

"ಮನ್ಯಾಗ ಕುಂದ್ರಾಕ ಆಗವಲ್ದ."

"ಹಂಗಾದ್ರ ನಮ್ ವರ್ಕ್‌ಶಾಪಿನ್ಯಾಗ ಕುಂದ್ರು ನಡಿ. ಅಲ್ಲಿ ಗದ್ದಲಕ್ಕ ನಿನಗ ಯೋಚನಿ ಮಾಡಾಕೂ ಆಗೂದಿಲ್ಲ."

ಅವಳ ವರ್ಕ್‌ಶಾಪಿನಲ್ಲಿ ಮಶೀನು ಕೂಗುತ್ತಿತ್ತು, ಅವಳ ಅಣ್ಣ ಒಂದು ಕಲ್ಯಾಣ ಮಂಟಪದ ಬೋರ್ಡಿಗೆ ಅಕ್ಷರ ಕತ್ತರಿಸುತ್ತಿದ್ದರು. ನಾನು ಒಂದು ಸ್ಟೂಲಿನ ಮೇಲೆ ಕೂತು ನೆಲದ ಮೇಲೆ ಬಿದ್ದಿದ್ದ ತುಂಡುಗಳನ್ನು ಎತ್ತಿ ನೋಡುತ್ತಿದ್ದೆ. ಸತ್ತೂರಿನಲ್ಲಿ ನನಗೆ ಓದಿನ ಅಭ್ಯಾಸ ಮಾಡಿಸುವ ಥೆರಪಿಸ್ಟ್ ಹುಡುಗಿ ಒಂದು ಮಾತು ಹೇಳಿದ್ದಳು: ಕಣ್ಣಿಗೆ ಸಿಗದ ಅಕ್ಷರ ಕೆಲವೊಮ್ಮೆ ಬೆರಳಿಗೆ ಸಿಗುತ್ತದೆ, ತಿದ್ದಿ ನೋಡಿ. ಕಾಗದದ ಮೇಲೆ ತಿದ್ದಿದ್ದೆ. ಬೆರಳು ಜಾರುತ್ತಿತ್ತು, ಎಲ್ಲಿ ಶುರು, ಎಲ್ಲಿ ಕೊನೆ ತಿಳಿಯುತ್ತಿರಲಿಲ್ಲ. ಈಗ ಕೈಯಲ್ಲಿ ಅಕ್ರಿಲಿಕ್ಕಿನ ಒಂದು ಅಕ್ಷರವಿತ್ತು. ಅದರ ಅಂಚಿನ ಮೇಲೆ ಬೆರಳಾಡಿಸಿದೆ. ಚೂಪು ಮೂಲೆ ಚುಚ್ಚಿತು. ಚುಚ್ಚಿದ ಕಡೆ ಗಮನ ಹೋಗಿ ಅಕ್ಷರ ಮತ್ತೆ ಕೈಬಿಟ್ಟಿತು.

"ನಾ ಮೊದ್ಲ ಕಳಿಸಿದ್ನಲ್ಲ, ಶಂಡಿಗಿ ಅಕ್ಷರ, ಆ ಫೈಲ್ ಐತೇನ್ ನಿನ್ ಹಂತ್ಯಾಕ?" ಎಂದು ಕೇಳಿದೆ.

"ಹಾವಿನ್ ಚಪ್ಪಲ್ಲೋ, ತಲಿ ಮ್ಯಾಲ ಬುಟ್ಟಿ ಇಟ್ಟಿದ್ದೋ?"

"ಬುಟ್ಟಿದು."

ಉಳಿದ ಫೋಮಿನ ಹಾಳೆಯಲ್ಲಿ ಅವಳು ನಾಲ್ಕಾರು ಅಕ್ಷರ ಕತ್ತರಿಸಿ ಕೊಟ್ಟಳು, ಅಂಗೈಯಗಲದವು. ಒಂದನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದೆ. ದಪ್ಪ ತಲೆಕಟ್ಟಿನ ದುಂಡು ತುದಿ ಬೆರಳಿಗೆ ಸಿಕ್ಕಿತು. ಇಲ್ಲಿಂದ ಶುರು ಎಂದು ಅದೇ ಹೇಳಿತು. ಅಲ್ಲಿಂದ ಕೆಳಗಿಳಿದೆ, ಬಾಗಿದೆ, ತಿರುಗಿದೆ. ಎಳೆ ಒಂದೇ ದಪ್ಪವಿದ್ದುದರಿಂದ ಬೆರಳು ಎಲ್ಲೂ ತಪ್ಪಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಬಾಯಿಯೇ "ಕ" ಎಂದಿತು. ನಾನು ಹೇಳಿದ್ದಲ್ಲ, ಬಾಯಿ ಹೇಳಿತು.

ಗೆಳತಿ ಮಶೀನು ನಿಲ್ಲಿಸಿದಳು. "ಖರೇನ?"

"ಇದು ಕ ಹೌದಿಲ್ಲೋ ನೀ ಹೇಳು."

"ಕ ಐತಿ! ಇದು ಯಾವ್ದು? ಇದ್ನ ಹೇಳು!" ಇನ್ನೊಂದನ್ನು ಕೈಗೆ ತುರುಕಿದಳು. ಅದು ಮ. ಮೊದಲು ವ ಎಂದೆ, ಮತ್ತೆ ತಿದ್ದಿ ನೋಡಿ ಬಾಲ ಸಿಕ್ಕಿದ ಮೇಲೆ ಮ ಎಂದೆ. ಆಕೆಯ ಅಣ್ಣ ಕೆಲಸ ಬಿಟ್ಟು ಬಂದು ಎಲ್ಲರಿಗೂ ಚಹಾ ತರಿಸಿದರು.

ಇದನ್ನು ಪವಾಡವೆಂದು ಹೇಳಲಾರೆ. ಥೆರಪಿಸ್ಟ್ ಹುಡುಗಿ ಫೋಮಿನ ಅಕ್ಷರಗಳನ್ನು ತಿರುಗಿಸಿ ನೋಡಿ ಖುಷಿಪಟ್ಟಳು, ಆದರೆ ಎಚ್ಚರದ ಮಾತನ್ನೂ ಆಡಿದಳು. "ಈ ಅಕ್ಷರದಿಂದನ ಆತು ಅಂತ ನಾ ಹೇಳೂದಿಲ್ರಿ ಮೇಡಂ. ನೀವ ಬರದಿದ್ದು, ನಿಮ್ಮ ಕೈಗೆ ಗುರ್ತದ. ಅದೂ ಕಾರಣ ಇರಬಹುದು. ನಿಮಗ ಉಪಯೋಗ ಆಗಾಕತ್ತದಲ್ಲ, ನಡೀಲಿ." ನಡೆಯಿತು. ಬೆಳಿಗ್ಗೆ ಅಡುಗೆಕಟ್ಟೆಯ ಮೇಲೆ ಅಕ್ಷರ ಹರವಿಕೊಂಡು ನಿಂತೇ ತಿದ್ದುತ್ತಿದ್ದೆ, ಕೂತರೆ ಸಹನೆ ಇರುತ್ತಿರಲಿಲ್ಲ. ಒಮ್ಮೊಮ್ಮೆ ಸಿಟ್ಟಿಗೆದ್ದು ಎಲ್ಲವನ್ನೂ ನೆಲಕ್ಕೆ ಚೆಲ್ಲುತ್ತಿದ್ದೆ. ಫೋಮು, ಸದ್ದೂ ಆಗುತ್ತಿರಲಿಲ್ಲ. ಚೆಲ್ಲಿದ್ದರಿಂದ ಸಿಗಬೇಕಾದ ಸುಖವೂ ಸಿಗುತ್ತಿರಲಿಲ್ಲ.

ಲೇಬಲ್ಲನ್ನು ಕಂಪ್ಯೂಟರಿನಲ್ಲಿ ಮಾಡುವುದು ಆಗದ ಮಾತು. ತೆರೆಯ ತುಂಬ ಸಣ್ಣ ಬರಹಗಳು, ಎಲ್ಲಿ ಏನು ಒತ್ತಬೇಕೆಂದು ತಿಳಿಯುತ್ತಿರಲಿಲ್ಲ. ಆದ್ದರಿಂದ ದೊಡ್ಡ ಹಾಳೆ ಹರವಿ ಸೀಸದ ಕಡ್ಡಿಯಲ್ಲಿ ಕೈಯಿಂದಲೇ ಬರೆಯಲು ಕೂತೆ. ಕೈಗೆ ಎಲ್ಲ ನೆನಪಿತ್ತು. ತಲೆಕಟ್ಟು ಎಷ್ಟು ದಪ್ಪ, ತುದಿ ಎಷ್ಟು ದುಂಡು, ಎರಡು ಅಕ್ಷರದ ನಡುವೆ ಎಷ್ಟು ಉಸಿರು. 'ಅಕ್ಕಿ ಶಂಡಿಗಿ' ಎಂದು ಬಾಯಿಂದ ಹೇಳಿಕೊಳ್ಳುತ್ತಾ, ಕೈ ಹೋದ ಕಡೆ ಬಿಟ್ಟು, ಸಂಜೆಯ ಹೊತ್ತಿಗೆ ಮುಗಿಸಿದೆ. ಅವತ್ತು ಗೆಳತಿ ಬಂದಿದ್ದಳು. ಗಂಡನೂ ಆಗಷ್ಟೇ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದರು.

"ಓದು," ಎಂದು ಹಾಳೆಯನ್ನು ಗೆಳತಿಗೆ ಕೊಟ್ಟೆ.

ಅವಳು ಓದಿದಳು. "ಅಕ್ಕಿ ಶಂಡಿ."

"ಮುಂದ?"

"ಮುಂದೇನಿಲ್ಲ. 'ಶಂಡಿ' ಅಂತ ಮುಗದೈತಿ."

"ಸುಳ್ಳ ಹೇಳ್ಬ್ಯಾಡ. ಗಿ ಬರದೇನಿ ನಾ. ಕೈಗೆ ಗೊತ್ತೈತಿ."

ಮೂವರೂ ಹಾಳೆಯನ್ನು ನೋಡಿದೆವು. ಗಂಡ ಬಗ್ಗಿ ಮೇಜು ನೋಡಿದರು. ಹಾಳೆಯಿದ್ದ ಜಾಗದ ಬಲಕ್ಕೆ, ಬರೀ ಮೇಜಿನ ಮೇಲೆ, ಸೀಸದ ಕಡ್ಡಿಯಲ್ಲಿ, ದಪ್ಪ ತಲೆಕಟ್ಟಿನ ಅಚ್ಚುಕಟ್ಟಾದ ಒಂದು 'ಗಿ' ಇತ್ತು. ಬಲಭಾಗ ಕಾಣದ ನನಗೆ ಹಾಳೆ ಮುಗಿದದ್ದು ತಿಳಿದಿರಲಿಲ್ಲ.

ಮೊದಲು ನಕ್ಕವರು ಗಂಡ. ಆಸ್ಪತ್ರೆಯ ಆ ದಿನದಿಂದ ಅವರು ನಕ್ಕಿರಲಿಲ್ಲ. "ಎಷ್ಟ್ ಛಲೋ ಬಂದೈತಿ ನೋಡು, ಎಲ್ಲಾದ್ರಕಿಂತಾ ಇದ ಛಲೋ ಐತಿ," ಎನ್ನುತ್ತಾ ನಕ್ಕರು. ಗೆಳತಿ ನಗುತ್ತಾ ನೆಲದ ಮೇಲೆ ಕೂತೇಬಿಟ್ಟಳು. ನಾನೂ ನಕ್ಕೆ, ನಗುತ್ತಿದ್ದ ಹಾಗೇ ಅಳು ಬಂತು, ಅಳುತ್ತಲೇ ಮತ್ತೆ ನಕ್ಕೆ. ಮರುದಿನ ಗಂಡ ಹಾಳೆಯ ಬಲ ಅಂಚಿಗೆ ಉದ್ದಕ್ಕೂ ಒಂದು ದಪ್ಪ ದಾರ ಅಂಟಿಸಿಕೊಟ್ಟರು. ಕೈಗೆ ದಾರ ತಾಗಿದರೆ ಹಾಳೆ ಮುಗಿಯಿತು ಎಂದು ಅರ್ಥ. ಗಣಿತದ ಮೇಷ್ಟ್ರ ಬುದ್ಧಿ. ಇನ್ನೊಮ್ಮೆ ಬರೆದೆ, ಈ ಸಲ 'ಗಿ' ಹಾಳೆಯ ಮೇಲೇ ಬಂತು. ಗೆಳತಿ ಅದನ್ನು ಸ್ಕ್ಯಾನ್ ಮಾಡಿ, ಅಂಚು ತಿದ್ದಿ, ಅಚ್ಚಿಗೆ ಕೊಟ್ಟಳು.

ಬೇಸಿಗೆಯಲ್ಲಿ ಮುಗದದ ಹೆಂಗಸು ಬಂದು ಮೊದಲ ಪಾಕೀಟು ಕೊಟ್ಟರು. ಕೆಂಪು ಬಣ್ಣದ ಮೇಲೆ ಬಿಳಿ ಅಕ್ಷರ. ನಾನು ಲೇಬಲ್ಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಅಷ್ಟು ಹೊತ್ತೂ ಅವರು ಅವಸರ ಮಾಡದೆ, ಬೇರೆ ಕಡೆಯೂ ನೋಡದೆ, ಕಾಯುತ್ತಾ ಕೂತಿದ್ದರು. ಹಿಂದೆ, ಪಾಕೀಟಿನ ಬೆನ್ನ ಮೇಲೆ, ಕರಿಯುವ ವಿಧಾನವನ್ನೂ ಅವೇ ಅಕ್ಷರಗಳಲ್ಲಿ ಕೈಯಿಂದ ಬರೆದು, ಸಣ್ಣದಾಗಿ ಹಾಕಿಸಿದ್ದೆವು. ಅದು ನನ್ನ ತಪ್ಪು ಲೆಕ್ಕ. ದೊಡ್ಡದಾಗಿದ್ದಾಗ ಚಂದ ಕಾಣುವ ಆ ದುಂಡುತನ ಸಣ್ಣದಾದ ಕೂಡಲೇ ಶಾಯಿ ತುಂಬಿಕೊಂಡು, ಹಬೆಯಲ್ಲಿ ಅಂಟಿಕೊಂಡ ಇಡ್ಲಿಗಳಂತೆ ಒಂದಕ್ಕೊಂದು ಕಚ್ಚಿಕೊಂಡಿತ್ತು.

"ಹಿಂದಿಂದು ಯಾರಿಗೂ ಓದಾಕ ಬರವಲ್ದ್ರಿ," ಎಂದರು ಅವರು.

"ಹಂಗಾದ್ರ ಎಲ್ಲಾರೂ ನನ್ನ ಜೋಡೀಯವ್ರ ಆದ್ರು," ಎಂದೆ. ಅವರಿಗೆ ನಗಬಹುದೋ ಇಲ್ಲವೋ ಎಂಬ ಅನುಮಾನ. ನಾನು ನಕ್ಕ ಮೇಲೆ ನಕ್ಕರು. ಮುಂದಿನ ಸಲ ಬೆನ್ನಿಗೆ ಸಾದಾ ಅಕ್ಷರ ಹಾಕಿದೆವು. ಈ ಅಕ್ಷರ ಕರೆಯುವುದಕ್ಕೆ, ನಿಲ್ಲಿಸುವುದಕ್ಕೆ ಸರಿ. ಕೂತು ಉದ್ದುದ್ದ ಮಾತಾಡುವುದು ಅದರ ಸ್ವಭಾವವಲ್ಲ. ನನ್ನ ಹಾಗೇ.

ಈಗ ನಾನು ಓದುತ್ತೇನೆ, ಮೊದಲಿನಂತಲ್ಲ. ಒಂದು ಶಬ್ದವೆಂದರೆ ಒಂದು ಓಣಿ ದಾಟಿದ ಹಾಗೆ. ಕೈಯಲ್ಲಿ ಅಕ್ಷರ ಹಿಡಿಯಬೇಕಿಲ್ಲ, ಆದರೆ ತೊಡೆಯ ಮೇಲೆ ಬೆರಳು ಸಣ್ಣಗೆ ಆಡುತ್ತಲೇ ಇರುತ್ತದೆ. ಪತ್ರಿಕೆಯ ತಲೆಬರಹ ಮುಗಿಸುವಷ್ಟರಲ್ಲಿ ಗಂಡ ಇಡೀ ಪುಟ ಮುಗಿಸಿರುತ್ತಾರೆ. ಆಗ ಎದ್ದು ಹೊರಗೆ ಹೋಗುತ್ತೇನೆ. ಉಳಿದ ಅರ್ಧ ವರ್ಣಮಾಲೆಯನ್ನು ಕೈಯಿಂದಲೇ ಬರೆದು ಮುಗಿಸಿದೆ, ಗುಣಿತಾಕ್ಷರ, ಒತ್ತಕ್ಷರ ಇನ್ನೂ ನಡೆದಿವೆ.

ಹೋದ ತಿಂಗಳು ಥೆರಪಿಸ್ಟ್ ಹುಡುಗಿ ಫೋನು ಮಾಡಿ, ಬೇರೆ ರೋಗಿಗಳಿಗೂ ಆ ಅಕ್ಷರಗಳ ಒಂದು ಸೆಟ್ಟು ಬೇಕೆಂದಳು. ಗೆಳತಿ ಈ ಸಲ ತೆಳು ಪ್ಲೈವುಡ್ಡಿನಲ್ಲಿ ಕತ್ತರಿಸಿ, ಅಂಚುಗಳನ್ನು ಉಜ್ಜಿ ಮತ್ತಷ್ಟು ನುಣುಪು ಮಾಡಿದಳು. ಇಬ್ಬರೂ ಒಂದು ಚೀಲದಲ್ಲಿ ತುಂಬಿಕೊಂಡು ಸತ್ತೂರಿಗೆ ಹೋದೆವು. ಥೆರಪಿ ಕೋಣೆಯಲ್ಲಿ ಒಬ್ಬರು ಕೂತಿದ್ದರು. ಲಾರಿ ಡ್ರೈವರ್ ಆಗಿದ್ದವರಂತೆ, ಊರೂರಿನ ಬೋರ್ಡು ಓದಿ ದೇಶ ಸುತ್ತಿದವರು. ನನಗಾದದ್ದೇ ಅವರಿಗೂ ಆಗಿತ್ತು. ಅಭ್ಯಾಸದ ಹಾಳೆಯನ್ನು ಮುಟ್ಟದೆ, ಗೋಡೆಯ ಕಡೆ ಮುಖ ಮಾಡಿದ್ದರು. ಹೆಂಡತಿ ಪಕ್ಕದಲ್ಲಿ ಟಿಫಿನ್ ಡಬ್ಬಿ ಹಿಡಿದುಕೊಂಡಿದ್ದರು.

"ಇವರಿಗೂ ನಿಮ್ಮಂಗನ ಆಗಿತ್ರಿ," ಎಂದು ಥೆರಪಿಸ್ಟ್ ನನ್ನನ್ನು ತೋರಿಸಿದಳು.

ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈಗ ಪೂರಾ ಓದ್ತೀರೇನ್ರಿ?"

ಹೌದು ಎಂದುಬಿಡುವುದು ಸುಲಭವಿತ್ತು. ಅವರ ಹೆಂಡತಿ ಹಾಗೆ ಹೇಳಲಿ ಎಂಬಂತೆ ನನ್ನನ್ನೇ ನೋಡುತ್ತಿದ್ದರು.

"ಇಲ್ರಿ," ಎಂದೆ. "ಓದ್ತೇನಿ. ಪೂರಾ ಇಲ್ಲ. ಮೊದಲಿನಂಗ ಬರೂದೂ ಇಲ್ಲ ಅನಸ್ತೈತಿ. ಆದ್ರ ಈಗ ಬಸ್ಸಿನ ಬೋರ್ಡ್ ಓದಿ ಹತ್ತತೇನಿ, ಇಲ್ಲೀತನಕಾ ತಪ್ಪಿಲ್ಲ."

ನಾನು ಚೀಲದಿಂದ ಕೈಗೆ ಸಿಕ್ಕ ಒಂದು ಅಕ್ಷರ ತೆಗೆದು ಅವರ ಅಂಗೈ ಮೇಲಿಟ್ಟೆ. ಸ್ಟೇರಿಂಗ್ ಹಿಡಿದು ಗಟ್ಟಿಯಾದ ಕೈ. ದೊಡ್ಡ ಹೆಬ್ಬೆರಳನ್ನು ತಲೆಕಟ್ಟಿನ ಮೇಲೆ ಇಟ್ಟು ಅವರು ಹಾಗೇ ಕೂತರು. ಬೆರಳು ಸಾಗಲಿಲ್ಲ. ಆಮೇಲೆ ಸಾಗಿತು, ಅರ್ಧಕ್ಕೆ ನಿಂತಿತು, ಹಿಂದಕ್ಕೆ ಬಂತು, ಮತ್ತೆ ಮೊದಲಿನಿಂದ ಹೊರಟಿತು.

"ಅವಸರಿಲ್ರಿ," ಎಂದಳು ಥೆರಪಿಸ್ಟ್.

"ನನಗ ಐತ್ರಿ," ಎಂದರು ಅವರು, ಅಕ್ಷರದಿಂದ ಕಣ್ಣು ಕೀಳದೆ.